ಆ ಮೂರು ಪುಟ ಹರಿಯಲೇ, ಬಿಡಲೇ?

ಪ್ರಶ್ನೆ: ಮೇಡಂ, ನಾನು ಎಂ.ಎಸ್ಸಿ. ಸೈಕಾಲಜಿ ಮಾಡಿ ಎರಡು ವರ್ಷದಿಂದ ಚಿಂತಾಮಣಿಯಲ್ಲಿ ಒಂದು ಕೌನ್ಸೆಲಿಂಗ್ ಸೆಂಟರ್ ನಡೆಸುತ್ತಿದ್ದೇನೆ. ಒಂದೇ ರೂಮು, ಕೆಳಗೆ ಅಂಗಡಿ. ಬಂದವರ ಹೆಸರು ಬರೆದುಕೊಳ್ಳಲು ನಮ್ಮ ಬೀದಿಯ ಹುಡುಗಿಯೇ ಇದ್ದಾಳೆ. ಒಬ್ಬೊಬ್ಬರಿಗೂ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಅವರು ಹೇಳಿದ್ದೆಲ್ಲ, ನನಗೆ ಅನಿಸಿದ್ದೆಲ್ಲ ಅದರಲ್ಲಿ ಬರೆಯುತ್ತೇನೆ. ಎಂಟು ತಿಂಗಳಿಂದ ಬರುತ್ತಿರುವ ಒಬ್ಬ ಮಹಿಳೆಯ ಗಂಡ ಈಗ ಡೈವೋರ್ಸ್‌ಗೆ ಹಾಕಿದ್ದಾರೆ. ಅವರ ವಕೀಲರಿಂದ ಹೋದ ವಾರ ನೋಟಿಸ್ ಬಂತು. ಆಕೆಯ ಚಿಕಿತ್ಸೆಯ ದಾಖಲೆಗಳನ್ನು ಏಳು ದಿನದಲ್ಲಿ ಕೊಡಬೇಕಂತೆ, ಇಲ್ಲದಿದ್ದರೆ ಕಾನೂನು ಕ್ರಮವಂತೆ. ನೋಟ್‌ಬುಕ್ ತೆಗೆದು ಮೊದಲ ಮೂರು ಪುಟ ಓದಿದೆ. ಕೈ ನಡುಗಿತು. 'ಗಂಡನಿಗೆ ಬೇರೆ ಸಂಬಂಧ ಇದೆ', 'ಅತ್ತೆ ನಾರ್ಸಿಸಿಸ್ಟ್', 'ಈಕೆಯದೂ ಡ್ರಾಮಾ ಜಾಸ್ತಿ, ಬಾರ್ಡರ್‌ಲೈನ್ ಇರಬಹುದಾ?' ಅಂತೆಲ್ಲ ಬರೆದಿದ್ದೇನೆ. ಒಬ್ಬ ಗೆಳತಿ 'ಹರಿದುಹಾಕು, ನೋಟ್ಸೇ ಇಲ್ಲ ಅನ್ನು' ಎನ್ನುತ್ತಾಳೆ. ಇನ್ನೊಬ್ಬರು 'ಥೆರಪಿಸ್ಟ್‌ನ ಪರ್ಸನಲ್ ನೋಟ್ಸ್ ಕೋರ್ಟೂ ಕೇಳುವ ಹಾಗಿಲ್ಲ' ಎನ್ನುತ್ತಾರೆ. ಇನ್ನು ಮುಂದೆ ಬರೆಯುವುದನ್ನೇ ಬಿಡಲೇ? ಗುರುವಾರ ಆಕೆ ಮತ್ತೆ ಬರುತ್ತಾರೆ. ನೋಟಿಸ್ ವಿಷಯ ಇನ್ನೂ ಹೇಳಿಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯ ಗಂಟು ಬಿದ್ದಿವೆ. ನೀವು ಬರೆದದ್ದು ಆಕೆಗೆ ಮುಳುವಾಗುತ್ತದಾ ಎಂಬುದು ಒಂದು. ಆ ಬರಹ ಓದಿದವರು ನಿಮ್ಮನ್ನು ಏನೆಂದುಕೊಳ್ಳುತ್ತಾರೋ ಎಂಬುದು ಇನ್ನೊಂದು. ಎರಡನೆಯದನ್ನು ನೀವು ಬಾಯಿಬಿಟ್ಟು ಹೇಳಿಲ್ಲ. ಆದರೆ ಕೈ ನಡುಗಿದ್ದು ಅದಕ್ಕೂ ಹೌದು. ನನ್ನ ಕೈಯೂ ಹಾಗೆ ನಡುಗಿದೆ, ಅದಕ್ಕೇ ಹೇಳುತ್ತಿದ್ದೇನೆ.

ಮೊದಲು ಅವಸರದ ಮಾತು. ಆ ಮೂರು ಪುಟ ಹರಿಯಬೇಡಿ. ನೋಟಿಸ್ ಕೈಗೆ ಬಂದ ಮೇಲೆ ದಾಖಲೆ ನಾಶ ಮಾಡಿದರೆ, ಕೋರ್ಟಿಗೆ ಸಿಗಬಾರದು ಅಂತಲೇ ಮಾಡಿದಿರಿ ಎಂದಾಗುತ್ತದೆ. ಅದು ಅಪರಾಧ. ಹೊಲಿಗೆ ಹಾಕಿದ ನೋಟ್‌ಬುಕ್‌ನಲ್ಲಿ ಮೂರು ಹಾಳೆ ಹೋದರೆ ಆಕಡೆಯ ಮೂರು ಹಾಳೆ ಸಡಿಲವಾಗುತ್ತವೆ, ವಕೀಲರ ಕಣ್ಣಿಗೆ ಮೊದಲು ಬೀಳುವುದೇ ಅದು. ವೈಟ್ನರ್ ಹಚ್ಚುವುದು, ಹಳೇ ತಾರೀಖು ಹಾಕಿ ಹೊಸದಾಗಿ ಬರೆಯುವುದು, ಇವೂ ಬೇಡ. ಏನಾದರೂ ಸೇರಿಸಲೇಬೇಕು ಅನಿಸಿದರೆ ಕೊನೆಯ ಪುಟದಲ್ಲಿ ಇವತ್ತಿನ ತಾರೀಖು ಹಾಕಿ, ಏಕೆ ಸೇರಿಸುತ್ತಿದ್ದೀರಿ ಎಂದು ಹೇಳಿ ಬರೆಯಬೇಕು. ಅದನ್ನೂ ನಿಮ್ಮ ವಕೀಲರಿಗೆ ತೋರಿಸಿದ ಮೇಲೆ.

ಎರಡನೆಯದು, ವಕೀಲರ ನೋಟಿಸ್ ಎಂದರೆ ಕೋರ್ಟಿನ ಸಮನ್ಸ್ ಅಲ್ಲ. ಲೆಟರ್‌ಹೆಡ್ಡು, ಸೀಲು, 'ಏಳು ದಿನ' ಎಲ್ಲ ನೋಡಿದರೆ ಎದೆ ಧಸಕ್ ಅನ್ನುತ್ತದೆ, ನಿಜ. ಆದರೆ ಎದುರು ಪಕ್ಷದ ವಕೀಲರು ಕೇಳಿದ ಮಾತ್ರಕ್ಕೆ ಒಂದು ಹಾಳೆಯನ್ನೂ ಕೊಡಬೇಕಿಲ್ಲ, ಕೊಡುವಂತೆಯೂ ಇಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 23ನೇ ಸೆಕ್ಷನ್ ಪ್ರಕಾರ ಗುಟ್ಟು ಕಾಯುವುದು ಚಿಕಿತ್ಸೆ ಪಡೆಯುವವರ ಹಕ್ಕು, ಚಿಕಿತ್ಸೆ ಕೊಡುವವರ ಕರ್ತವ್ಯ. ಆ ಕಾಯ್ದೆ ಹೇಳುವ ಮಾನಸಿಕ ಆರೋಗ್ಯ ವೃತ್ತಿಪರರಲ್ಲಿ ಮನೋವೈದ್ಯರು, ನೋಂದಾಯಿತ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು, ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್‌ಗಳು, ಮಾನಸಿಕ ಆರೋಗ್ಯದ ನರ್ಸ್‌ಗಳು ಬರುತ್ತಾರೆ. ಕೌನ್ಸೆಲರ್ ಎಂಬ ಹೆಸರು ಅಲ್ಲಿ ನೇರವಾಗಿ ಇಲ್ಲ. ಅದಕ್ಕೇ ಕೆಲವರು 'ನಮಗೆ ಆ ಕಾಯ್ದೆ ತಾಗಲ್ಲ' ಎಂದು ಆರಾಮಾಗಿ ಇರುತ್ತಾರೆ. ನೀವು ಹಾಗಿರಬೇಡಿ. ಹೆಣ್ಣುಮಗಳೊಬ್ಬಳು ಬಂದು ಕದ ಮುಚ್ಚಿ ಮಾತಾಡಿದಳು ಎಂದರೆ, ಪಟ್ಟಿಯಲ್ಲಿ ಹೆಸರು ಇದ್ದರೂ ಇಲ್ಲದಿದ್ದರೂ ಆ ಮಾತಿನ ಹೊಣೆ ನಿಮ್ಮದೇ.

ಈಗ ನಿಮ್ಮ ಎರಡನೇ ಗೆಳತಿಯ ಮಾತಿಗೆ ಬರೋಣ. ಇದು ನಮ್ಮ ಹುಡುಗ ಹುಡುಗಿಯರಲ್ಲಿ ತುಂಬಾ ಓಡಾಡುವ ನಂಬಿಕೆ. ಎಲ್ಲಿಂದ ಬಂತು ಅಂತಲೂ ಗೊತ್ತು. ಅಮೆರಿಕದಲ್ಲಿ ಹಿಪಾ ಎಂಬ ಕಾನೂನು ಇದೆ, 1996ರದು. ಅದರ ಗೋಪ್ಯತೆ ನಿಯಮದಲ್ಲಿ, ಥೆರಪಿಸ್ಟ್ ತನ್ನ ಯೋಚನೆಗಾಗಿ ಮುಖ್ಯ ಫೈಲಿನಿಂದ ಬೇರೆಯಾಗಿ ಇಟ್ಟುಕೊಂಡ ನೋಟ್ಸ್‌ಗೆ ಹೆಚ್ಚಿನ ರಕ್ಷಣೆ ಕೊಟ್ಟಿದ್ದಾರೆ. ಅದೇ ವರ್ಷ ಅಲ್ಲಿನ ಸುಪ್ರೀಂ ಕೋರ್ಟು, ಥೆರಪಿಸ್ಟ್ ಜೊತೆ ಆಡಿದ ಮಾತನ್ನು ಫೆಡರಲ್ ಕೋರ್ಟುಗಳಲ್ಲಿ ಬಲವಂತವಾಗಿ ಹೊರಗೆಳೆಯುವಂತಿಲ್ಲ ಎಂದು ತೀರ್ಪು ಕೊಟ್ಟಿತು. ನಾವು ಓದುವ ಪುಸ್ತಕ, ನೋಡುವ ವಿಡಿಯೊ ಬಹುಪಾಲು ಅಲ್ಲಿನವು. ಹಾಗಾಗಿ ಅಲ್ಲಿನ ಬೇಲಿ ಇಲ್ಲೂ ಇದೆ ಎಂದುಕೊಂಡಿದ್ದೇವೆ. ನಮ್ಮ ಸಾಕ್ಷ್ಯ ಕಾನೂನಿನಲ್ಲಿ ವಕೀಲ ಮತ್ತು ಕಕ್ಷಿದಾರರ ಮಾತಿಗೆ, ಗಂಡ ಹೆಂಡತಿಯ ಮಾತಿಗೆ ಅಂಥ ರಕ್ಷಣೆ ಇದೆ. ವೈದ್ಯರಿಗೂ ನಮಗೂ ಅದು ಇಲ್ಲ. ಹಳೇ ಕಾನೂನು ಹೋಗಿ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದ ಮೇಲೂ ಈ ವಿಷಯ ಬದಲಾಗಿಲ್ಲ. ಎರಡು ನೋಟ್‌ಬುಕ್ ಇಟ್ಟರೆ ಎರಡನ್ನೂ ತರಿಸುವ ಅಧಿಕಾರ ಕೋರ್ಟಿಗಿದೆ, ಅಷ್ಟೇ.

ಸಮನ್ಸ್ ಬಂದೇ ಬಿಟ್ಟರೆ? ಉಪೇಕ್ಷೆ ಮಾಡಬೇಡಿ, ಹೆದರಿ ಇಡೀ ಕಟ್ಟು ಹೊತ್ತುಕೊಂಡೂ ಹೋಗಬೇಡಿ. ವಕೀಲರೊಬ್ಬರನ್ನು ಇಟ್ಟುಕೊಳ್ಳಿ. ಇದರಲ್ಲಿ ಬೇರೆಯವರ ಖಾಸಗಿ ವಿಷಯವಿದೆ, ಕೇಸಿಗೆ ಬೇಕಾದ ಭಾಗವನ್ನು ಮಾತ್ರ ಕೊಡಲು ಅವಕಾಶ ಕೊಡಿ, ಮುಚ್ಚಿದ ಲಕೋಟೆಯಲ್ಲಿ ನ್ಯಾಯಾಧೀಶರೇ ಮೊದಲು ನೋಡಲಿ ಎಂದು ಬರಹದಲ್ಲಿ ಕೇಳಿಕೊಳ್ಳಬಹುದು. ಕೋರ್ಟು ಒಪ್ಪಬಹುದು, ಒಪ್ಪದೆಯೂ ಇರಬಹುದು. ಕೇಳಿದ್ದಂತೂ ದಾಖಲೆಯಲ್ಲಿ ಉಳಿಯುತ್ತದೆ.

ಸರಿ, ಇಷ್ಟೆಲ್ಲ ತಾಪತ್ರಯ ಇದ್ದರೆ ಬರೆಯದೇ ಇರುವುದೇ ವಾಸಿ ಅಲ್ವಾ ಎಂದು ನೀವು ಕೇಳಿದ್ದೀರಿ. ಇಲ್ಲ. ವಾರಕ್ಕೆ ಇಪ್ಪತ್ತು ಜನ ಬಂದರೆ ಯಾರ ಅಣ್ಣ ಯಾರಿಗೆ ಹೊಡೆದ ಎಂಬುದು ಎರಡೇ ತಿಂಗಳಲ್ಲಿ ಕಲಸುಮೇಲೋಗರ ಆಗುತ್ತದೆ. ನಾಳೆ ಆಕೆಯನ್ನು ಮನೋವೈದ್ಯರ ಬಳಿ ಕಳುಹಿಸಬೇಕಾದರೆ ಏನು ಬರೆದು ಕಳುಹಿಸುತ್ತೀರಿ? ನೀವು ಹೆರಿಗೆ ರಜೆಗೆ ಹೋದರೆ ಆ ಕುರ್ಚಿಯಲ್ಲಿ ಕೂರುವವರಿಗೆ ಏನು ಗೊತ್ತಿರುತ್ತದೆ? ಇನ್ನೊಂದು ಇದೆ. ಆಕೆ ನಾಳೆ ಕೌಟುಂಬಿಕ ಹಿಂಸೆ ತಡೆ ಕಾಯ್ದೆ 2005ರ ಅಡಿಯಲ್ಲಿ ರಕ್ಷಣೆ ಕೇಳಿದರೆ, ಏಟು ಬಿದ್ದ ವಾರವೇ ಯಾರಾದರೂ ಬರೆದಿಟ್ಟ ನಾಲ್ಕು ಸಾಲು ಆಕೆಯ ಕೈಗೆ ದೊಡ್ಡ ಬಲ. ಆಕೆಯ ಬಳಿ ಬೇರೆ ಸಾಕ್ಷಿಯೇ ಇಲ್ಲದಿರಬಹುದು. ಹರಿದುಹಾಕು ಎಂದ ನಿಮ್ಮ ಗೆಳತಿಗೆ ಈ ಮಗ್ಗುಲು ಕಂಡಿಲ್ಲ.

ತೊಂದರೆ ಬರೆದದ್ದರಲ್ಲಿಲ್ಲ, ಬರೆದ ಬಗೆಯಲ್ಲಿದೆ. ನನ್ನದೇ ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಆಸ್ಪತ್ರೆಯಲ್ಲಿದ್ದೆ. ಶಿಡ್ಲಘಟ್ಟದ ಕಡೆಯಿಂದ ರೇಷ್ಮೆ ರೀಲಿಂಗ್ ಮಾಡುವ ಒಬ್ಬರನ್ನು ಮನೆಯವರು ಕರೆದುಕೊಂಡು ಬಂದಿದ್ದರು. ಏನು ಕೇಳಿದರೂ ತಲೆ ಬಗ್ಗಿಸಿ ಕೂತಿದ್ದರು. ನಾನು ಫೈಲಿನಲ್ಲಿ 'ಸಹಕರಿಸುತ್ತಿಲ್ಲ' ಎಂದು ಬರೆದೆ. ಒಂದೇ ಪದ. ಮುಂದೆ ನೋಡಿದ ಡಾಕ್ಟರು ಅದನ್ನು ಓದಿ ಗಡುಸಾಗಿ ಮಾತಾಡಿದರು, ನರ್ಸ್ ಕೂಡ ಹಾಗೇ. ಮೂರನೇ ದಿನ ವಾರ್ಡಿನ ಆಯಾ ತೆಲುಗಿನಲ್ಲಿ ಮಾತಾಡಿಸಿದಾಗ ಆತ ಒಂದು ಗಂಟೆ ಮಾತಾಡಿದರು. ಮನೆಮಾತು ಯಾವುದು ಎಂದು ನಾನು ಕೇಳಿರಲೇ ಇಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೂತು ಈ ತಪ್ಪು ಮಾಡಿದೆನಲ್ಲ ಎಂದು ಈಗಲೂ ನಾಚಿಕೆಯಾಗುತ್ತದೆ. 'ಕನ್ನಡದಲ್ಲಿ ಕೇಳಿದ ಪ್ರಶ್ನೆಗಳಿಗೆ ಉತ್ತರಿಸಲಿಲ್ಲ, ನೆಲ ನೋಡುತ್ತಿದ್ದರು' ಎಂದಷ್ಟೇ ಬರೆದಿದ್ದರೆ, ಓದಿದ ಯಾರಿಗಾದರೂ 'ಬೇರೆ ಭಾಷೆ?' ಎಂದು ಹೊಳೆಯುತ್ತಿತ್ತು.

ನಿಮ್ಮ ಮೂರು ಸಾಲನ್ನು ಇದೇ ಕಣ್ಣಿನಿಂದ ನೋಡಿ. 'ಗಂಡನಿಗೆ ಬೇರೆ ಸಂಬಂಧ ಇದೆ.' ಇದು ನಿಮಗೆ ಹೇಗೆ ಗೊತ್ತು? ಆತನನ್ನು ನೀವು ನೋಡಿಯೇ ಇಲ್ಲ. 'ಗಂಡನಿಗೆ ಬೇರೆ ಸಂಬಂಧ ಇದೆ ಎಂಬ ಅನುಮಾನ ಮೂರು ತಿಂಗಳಿಂದ ಕಾಡುತ್ತಿದೆ, ರಾತ್ರಿ ನಿದ್ದೆ ಬರುತ್ತಿಲ್ಲ ಎಂದು ಹೇಳಿದರು' ಎಂದಿದ್ದರೆ ಅದು ಆಕೆಯ ಮಾತು, ಆಕೆಯ ನಿದ್ದೆ, ನಿಮ್ಮ ಕೆಲಸಕ್ಕೆ ಬೇಕಾದದ್ದು. 'ಅತ್ತೆ ನಾರ್ಸಿಸಿಸ್ಟ್', ಅಂದರೆ ತನ್ನನ್ನು ಬಿಟ್ಟು ಯಾರನ್ನೂ ಲೆಕ್ಕಕ್ಕಿಡದವರು, ಎಂಬುದು ನೋಟ್ಸೇ ಅಲ್ಲ, ಹರಟೆ. ಅತ್ತೆ ನಿಮ್ಮ ಕ್ಲೈಂಟ್ ಅಲ್ಲ. ಇನ್ನು 'ಡ್ರಾಮಾ' ಎಂಬ ಪದ. ಅಂದು ನಿಮಗೆ ಸುಸ್ತಾಗಿತ್ತೇನೋ. ಸುಸ್ತು, ಸಿಟ್ಟು ನಮಗೂ ಆಗುತ್ತವೆ. ಅವನ್ನು ತೆಗೆದುಕೊಂಡು ಹೋಗಬೇಕಾದದ್ದು ಸೂಪರ್‌ವೈಸರ್ ಬಳಿಗೆ, ಅಂದರೆ ನಮ್ಮ ಕೆಲಸ ನೋಡಿ ತಿದ್ದುವ ಹಿರಿಯರ ಬಳಿಗೆ, ಕ್ಲೈಂಟ್ ಹೆಸರಿರುವ ಪುಸ್ತಕಕ್ಕಲ್ಲ.

ಎಲ್ಲಕ್ಕಿಂತ ಭಾರದ್ದು 'ಬಾರ್ಡರ್‌ಲೈನ್ ಇರಬಹುದಾ?'. ಬಾರ್ಡರ್‌ಲೈನ್ ಎಂಬುದು ವ್ಯಕ್ತಿತ್ವಕ್ಕೆ ಸಂಬಂಧಿಸಿದ ಒಂದು ಮಾನಸಿಕ ಕಾಯಿಲೆಯ ಹೆಸರು. ಹಿಂದೂ ವಿವಾಹ ಕಾಯ್ದೆ 1955ರ 13ನೇ ಸೆಕ್ಷನ್‌ನಲ್ಲಿ ಮಾನಸಿಕ ಕಾಯಿಲೆಯೂ ವಿಚ್ಛೇದನಕ್ಕೆ ಒಂದು ಕಾರಣ. ಕಾಯಿಲೆಯ ಹೆಸರೊಂದಿದ್ದರೆ ಸಾಲದು, ಜೊತೆಗೆ ಬಾಳಲು ಆಗದಷ್ಟು ತೀವ್ರವಾಗಿದೆ ಎಂದು ತೋರಿಸಬೇಕು. ಆದರೂ ಎದುರು ವಕೀಲರಿಗೆ ನಿಮ್ಮ ಆ ಪ್ರಶ್ನಾರ್ಥಕ ಚಿಹ್ನೆ ಕಾಣುವುದಿಲ್ಲ, ಪದ ಮಾತ್ರ ಕಾಣುತ್ತದೆ. ಮಗುವನ್ನು ಯಾರು ಇಟ್ಟುಕೊಳ್ಳಬೇಕು ಎಂಬ ವಾದದಲ್ಲೂ ಅದನ್ನೇ ಎತ್ತುತ್ತಾರೆ. ಸರಿಯಾದ ಪರೀಕ್ಷೆ ಮಾಡದೆ, ಹಾಗೆ ಹೇಳುವ ಅರ್ಹತೆ ಇಲ್ಲದೆ ಕಾಯಿಲೆಯ ಹೆಸರು ಬರೆಯಬಾರದು. ನಡವಳಿಕೆಯನ್ನು ಬರೆಯಿರಿ: 'ಜಗಳವಾದ ದಿನ ಊಟ ಬಿಡುತ್ತಾರೆ. ಈ ತಿಂಗಳು ಎರಡು ಸಲ ತವರಿಗೆ ಹೊರಟು ಬಸ್‌ಸ್ಟ್ಯಾಂಡಿನಿಂದ ವಾಪಸ್ ಬಂದಿದ್ದಾರೆ.' ಇದನ್ನು ಓದಿದ ಮನೋವೈದ್ಯರು ಯೋಚಿಸಬಲ್ಲರು. ಇದನ್ನೇ ಆಕೆ ಓದಿದರೆ, ಹೌದು ನಾನು ಹೀಗೇ ಮಾಡಿದೆ ಎನ್ನುತ್ತಾರೆ.

ಕನ್ನಡದಲ್ಲಿ ನೋಟ್ಸ್ ಬರೆಯುವವರಿಗೆ ಒಂದು ಸಣ್ಣ ಎಚ್ಚರಿಕೆ. 'ಗಂಡ ಹೊಡೆದ' ಎಂದು ಬರೆದರೆ ನೀವೇ ನೋಡಿದ ಹಾಗಾಯಿತು. ಅದಕ್ಕೆಂದು 'ಗಂಡ ಹೊಡೆದನಂತೆ' ಎಂದು ಬರೆಯಬೇಡಿ. ನಮ್ಮ 'ಅಂತೆ' ಭಲೇ ತುಂಟ ಪದ. ಅಂತೆಕಂತೆ ಎನ್ನುವಾಗಿನ ಅನುಮಾನ ಅದಕ್ಕೆ ಅಂಟಿಕೊಂಡಿದೆ. ಓದಿದವರಿಗೆ ನೀವು ಆಕೆಯನ್ನು ನಂಬಿಲ್ಲ ಅನಿಸುತ್ತದೆ. 'ಸೋಮವಾರ ರಾತ್ರಿ ಗಂಡ ಕೈ ತಿರುಚಿದರು ಎಂದು ಹೇಳಿದರು. ಎಡಗೈ ಮಣಿಕಟ್ಟಿನ ಬಳಿ ಸುಮಾರು ಎರಡು ಇಂಚು ನೀಲಿ ಗುರುತು ಕಾಣಿಸಿತು.' ಅವರು ಹೇಳಿದ್ದು ಒಂದು ಸಾಲು, ನೀವು ಕಂಡದ್ದು ಒಂದು ಸಾಲು. ನಿಮ್ಮ ಪತ್ರದಲ್ಲೇ 'ಕೊಡಬೇಕಂತೆ, ಕಾನೂನು ಕ್ರಮವಂತೆ' ಎಂದು ಬರೆದಿದ್ದೀರಿ. ನೋಟಿಸ್ ನಿಮ್ಮ ಕೈಯಲ್ಲೇ ಇರುವಾಗ ಅಂತೆ ಯಾಕೆ?

ಇಂಗ್ಲಿಷಿನಲ್ಲಿ ಬರೆಯುವವರ ಅಪಾಯ ಬೇರೆ. ಇದನ್ನು ನಾನು ಟ್ರೇನಿಗಳಿಗೆ ಪ್ರತಿ ವರ್ಷ ಹೇಳುತ್ತೇನೆ. ನಮ್ಮ ಹಳ್ಳಿಗಳಲ್ಲಿ 'ಔಷಧಿ ಕುಡಿದುಬಿಡೋಣ ಅನಿಸ್ತು' ಎಂದರೆ ಟೊಮೆಟೊ ತೋಟಕ್ಕೆ ಹೊಡೆಯುವ ಔಷಧಿ. ತೆಲುಗಿನ 'ಮಂದು' ಇನ್ನೂ ಕಷ್ಟ. ಮಾತ್ರೆಯೂ ಮಂದೇ, ಹೆಂಡವೂ ಮಂದೇ, ವಿಷವೂ ಮಂದೇ. ಬೆಂಗಳೂರಿನಲ್ಲಿ ಓದಿದ ಹುಡುಗಿಯೊಬ್ಬಳು ಇಂಥದ್ದನ್ನು ಇಂಗ್ಲಿಷಿನಲ್ಲಿ 'ಔಷಧ ತೆಗೆದುಕೊಳ್ಳುವ ಮನಸ್ಸಿದೆ' ಎಂಬ ಅರ್ಥ ಬರುವಂತೆ ಬರೆದಿದ್ದಳು. ಚಿಕಿತ್ಸೆಗೆ ಒಪ್ಪಿದ್ದಾರೆ ಎಂದು ಓದಿಕೊಂಡು ಮುಂದೆ ಹೋಗುತ್ತಿದ್ದೆ, ಅದೃಷ್ಟಕ್ಕೆ ಆಕೆಯನ್ನೇ ಕರೆದು ಕೇಳಿದೆ. ಇಂಥ ಮಾತನ್ನು ಅವರು ಆಡಿದ ಭಾಷೆಯಲ್ಲೇ, ಕನ್ನಡ ಲಿಪಿಯಲ್ಲಿ, ಉದ್ಧರಣ ಚಿಹ್ನೆಯೊಳಗೆ ಇಡಿ. ಉಳಿದದ್ದು ಯಾವ ಭಾಷೆಯಲ್ಲಿದ್ದರೂ ನಡೆಯುತ್ತದೆ.

ಜೀವದ ಮಾತು ಬಂದ ದಿನ ಮಾತ್ರ ಜಿಪುಣತನ ಬೇಡ, ಜಾಸ್ತಿ ಬರೆಯಿರಿ. ಅವರು ಏನು ಹೇಳಿದರು, ನೀವು ಏನೇನು ಕೇಳಿದಿರಿ, ಹೇಗೆ ಎಂದು ಯೋಚಿಸಿದ್ದಾರಾ, ಮನೆಯಲ್ಲಿ ಔಷಧಿ ಡಬ್ಬ ಎಲ್ಲಿದೆ, ಅದನ್ನು ಬೀಗ ಹಾಕಿಡಲು ಯಾರು ಒಪ್ಪಿದರು, ಯಾರಿಗೆ ಎಷ್ಟು ಗಂಟೆಗೆ ಫೋನ್ ಮಾಡಿದಿರಿ, ಮನೋವೈದ್ಯರ ಬಳಿ ಕಳುಹಿಸಿದಿರಾ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಕೊಟ್ಟಿರಾ, ಮುಂದಿನ ಭೇಟಿ ಯಾವತ್ತು. 'ಆತ್ಮಹತ್ಯೆ ಎಂದು ಬರೆದರೆ ಪೊಲೀಸ್ ಕೇಸ್ ಆಗುತ್ತದೆ' ಎಂದು ಹೆದರಿ ಬರೆಯದೇ ಬಿಡುವವರಿದ್ದಾರೆ. ಅದು ಹಳೇ ಭಯ. 2017ರ ಕಾಯ್ದೆಯ 115ನೇ ಸೆಕ್ಷನ್, ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ. ಆತ್ಮಹತ್ಯೆ ಯತ್ನವನ್ನು ಅಪರಾಧ ಎನ್ನುತ್ತಿದ್ದ ಹಳೇ ದಂಡ ಸಂಹಿತೆಯ 309ನೇ ಸೆಕ್ಷನ್ ಹೊಸ ನ್ಯಾಯ ಸಂಹಿತೆಗೆ ಬರಲೇ ಇಲ್ಲ. ಪ್ರಾಣಾಪಾಯ ತಪ್ಪಿಸಲು, ಬೇರೆಯವರಿಗೆ ಹಾನಿಯಾಗದಂತೆ ತಡೆಯಲು ಬೇಕಾದಷ್ಟು ವಿಷಯ ಹೇಳುವುದಕ್ಕೆ ಗೋಪ್ಯತೆ ಅಡ್ಡ ಬರುವುದಿಲ್ಲ. ಬೇಕಾದಷ್ಟು ಎಂದರೆ ಅಷ್ಟೇ. 'ಎರಡು ದಿನ ಒಂಟಿಯಾಗಿ ಬಿಡಬೇಡಿ' ಎಂದು ತಮ್ಮನಿಗೆ ಹೇಳಲು ಅಕ್ಕನ ಇಡೀ ಕಥೆ ಬೇಕಿಲ್ಲ.

ಹದಿನೆಂಟು ತುಂಬದ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯದ ವಿಷಯ ಬಂದರೆ ಆಯ್ಕೆಯೇ ಇಲ್ಲ. ಪೋಕ್ಸೊ ಕಾಯ್ದೆ 2012ರ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಶಿಕ್ಷೆ. ಮಗು ಆಡಿದ ಮಾತನ್ನು ಅದರ ಪದಗಳಲ್ಲೇ ಬರೆಯಿರಿ, ನೀವು ಕೇಳಿದ ಪ್ರಶ್ನೆಯನ್ನೂ ಬರೆಯಿರಿ. ಈ ಮಿತಿಗಳನ್ನು ಮೊದಲ ದಿನವೇ ಕ್ಲೈಂಟ್‌ಗೆ ಹೇಳಿ, ಹೇಳಿದ್ದೀರಿ ಎಂದೂ ಬರೆದಿಡಿ.

ಸೋಪ್, ಡ್ಯಾಪ್ ಎಂದು ನೋಟ್ಸ್‌ಗೆ ಹಲವು ನಮೂನೆಗಳಿವೆ. ಯಾವುದಾದರೂ ಆದೀತು. ನಾನು ಬರೆಯುವುದು ಒಂದು ಸೆಷನ್‌ಗೆ ಅರ್ಧ ಪುಟ. ಅವರು ಏನು ತಂದರು, ನಾನು ಏನು ಕಂಡೆ, ಏನು ಮಾಡಿದೆವು, ಅಪಾಯ ಇದೆಯಾ ಇಲ್ಲವಾ, ಮುಂದೇನು. ಅದೇ ದಿನ ಬರೆಯುತ್ತೇನೆ. ಬರೆಯುವಾಗ ಕ್ಲೈಂಟ್ ಪಕ್ಕದಲ್ಲೇ ಕೂತು ಇಣುಕುತ್ತಿದ್ದಾರೆ ಎಂದುಕೊಳ್ಳುತ್ತೇನೆ. ಇದು ಬರೀ ಕಲ್ಪನೆಯಲ್ಲ, ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 25ನೇ ಸೆಕ್ಷನ್ ಅವರಿಗೆ ತಮ್ಮ ಮೂಲಭೂತ ವೈದ್ಯಕೀಯ ದಾಖಲೆ ನೋಡುವ ಹಕ್ಕು ಕೊಟ್ಟಿದೆ. ಅವರ ಮನಸ್ಸಿಗೆ ಗಂಭೀರ ಹಾನಿ, ಅಥವಾ ಬೇರೆಯವರಿಗೆ ಅಪಾಯ ಆಗುವಂತಿದ್ದರೆ ಮಾತ್ರ ಆ ಭಾಗ ತಡೆಹಿಡಿಯಬಹುದು. 'ನನ್ನ ಬಗ್ಗೆ ಏನು ಬರೆದಿದ್ದೀರಿ?' ಎಂದು ಯಾರಾದರೂ ಕೇಳಿದರೆ ನಾನು ಪುಸ್ತಕವನ್ನು ಅವರ ಕಡೆ ತಿರುಗಿಸಿ ಒಟ್ಟಿಗೆ ಓದುತ್ತೇನೆ. ಎಷ್ಟೋ ಸಲ ಅವರೇ ತಿದ್ದಿದ್ದಾರೆ. ಹಳೆಯದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಹಿ, ತಾರೀಖು.

ಇನ್ನು ನಿಮ್ಮ ಬೀದಿಯ ಹುಡುಗಿ. ಅವಳು ಒಳ್ಳೆಯವಳೇ ಇರಬಹುದು. ಆದರೆ ಚಿಕ್ಕ ಊರಿನಲ್ಲಿ 'ಇವತ್ತು ಅವರ ಮನೆ ಸೊಸೆ ಬಂದಿದ್ರು' ಎಂಬ ಒಂದು ಮಾತು ಸಾಕು. ನೋಟ್‌ಬುಕ್ ಮೇಲೆ ಹೆಸರಿನ ಬದಲು ನಂಬರ್ ಹಾಕಿ. ಯಾವ ನಂಬರ್ ಯಾರದು ಎಂಬ ಪಟ್ಟಿ ಬೇರೆ ಕಡೆ ಇರಲಿ, ಬೀರುವಿನ ಬೀಗದ ಕೈ ನಿಮ್ಮ ಹತ್ತಿರ ಮಾತ್ರ ಇರಲಿ. ಅವಳಿಂದ ಗೋಪ್ಯತೆಯ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಿ. ವಾಟ್ಸಾಪ್‌ನಲ್ಲಿ ಕ್ಲೈಂಟ್ ಕಳುಹಿಸುವ ವಾಯ್ಸ್ ಮೆಸೇಜೂ ದಾಖಲೆಯೇ. ಫೋನ್ ಕೆಟ್ಟಾಗ ಲಾಕ್ ತೆಗೆದು ರಿಪೇರಿ ಅಂಗಡಿಗೆ ಕೊಟ್ಟು ಬರುತ್ತೀರಲ್ಲ, ಆಗ ಇಪ್ಪತ್ತು ಮನೆಯ ಗುಟ್ಟು ಕೊಟ್ಟು ಬಂದ ಹಾಗೆ. ಎಐ ಆ್ಯಪ್‌ಗೆ ಸೆಷನ್ ಕೇಳಿಸಿ ನೋಟ್ಸ್ ಬರೆಸುವುದು ಈಗ ಶುರುವಾಗಿದೆ. ಲಿಖಿತ ಒಪ್ಪಿಗೆ ಇಲ್ಲದೆ ಅದರ ಹತ್ತಿರ ಹೋಗಬೇಡಿ. ದೊಡ್ಡವರ ಫೈಲನ್ನು ನಾನು ಕೊನೆಯ ಭೇಟಿಯಿಂದ ಏಳು ವರ್ಷ ಇಡುತ್ತೇನೆ, ಮಕ್ಕಳದನ್ನು ಅವರಿಗೆ ಇಪ್ಪತ್ತೈದು ಆಗುವವರೆಗೆ. ಆಮೇಲೆ ನಾನೇ ನಿಂತು ಸುಡುತ್ತೇನೆ. ಹಳೇ ಪೇಪರಿನವರಿಗೆ ಹಾಕಿದರೆ ಸಂತೆಯಲ್ಲಿ ಕಡ್ಲೆಕಾಯಿ ಪೊಟ್ಟಣವಾಗಿ ಊರಿಗೇ ವಾಪಸ್ ಬರುತ್ತದೆ.

ಈಗ ನೋಟಿಸ್‌ಗೆ ಉತ್ತರ. ನಿಮ್ಮ ವಕೀಲರಿಗೆ ತೋರಿಸಿ ಎರಡು ಸಾಲು ಬರೆದರೆ ಸಾಕು: 'ನನ್ನ ಬಳಿ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂಬುದನ್ನು ನಾನು ತಿಳಿಸುವಂತಿಲ್ಲ. ಸಂಬಂಧಪಟ್ಟವರ ಲಿಖಿತ ಒಪ್ಪಿಗೆ ಅಥವಾ ನ್ಯಾಯಾಲಯದ ಆದೇಶ ಬಂದರೆ ಕಾನೂನಿನ ಪ್ರಕಾರ ನಡೆದುಕೊಳ್ಳುತ್ತೇನೆ.' ಆಕೆಯನ್ನು ಹೊಗಳಿ ಸಮರ್ಥಿಸಲು ಹೋಗಬೇಡಿ, ಗಂಡನನ್ನು ಬೈಯಲೂ ಹೋಗಬೇಡಿ. ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಸೀದಿಯನ್ನು ಫೈಲಿಗೆ ಪಿನ್ ಮಾಡಿ.

ಆದರೆ ಇದನ್ನು ಕಳುಹಿಸುವ ಮೊದಲು ಮಾಡಬೇಕಾದ ಕೆಲಸವನ್ನು ನೀವು ಪತ್ರದ ಕೊನೆಯ ಸಾಲಿನಲ್ಲಿ ಬರೆದು ಬಿಟ್ಟಿದ್ದೀರಿ. ಆಕೆಗೆ ಇನ್ನೂ ಹೇಳಿಲ್ಲ. ಆ ಮೂರು ಪುಟದಲ್ಲಿ ಏನಿದೆ ಎಂದು ಗೆಳತಿಯರಿಬ್ಬರ ಬಳಿ ಚರ್ಚೆಯಾಗಿದೆ, ನನಗೂ ಬರೆದಿದ್ದೀರಿ, ಆಕೆಗೆ ಮಾತ್ರ ಗೊತ್ತಿಲ್ಲ. ಗುರುವಾರದವರೆಗೆ ಕಾಯಬೇಡಿ, ನಾಳೆಯೇ ಬರಲು ಹೇಳಿ. ನೋಟಿಸ್ ತೋರಿಸಿ. ಆಕೆಯ ವಕೀಲರಿಗೆ ತಿಳಿಸಲು ಹೇಳಿ. ಆಮೇಲೆ ಪುಸ್ತಕ ತೆಗೆದು, 'ಇದರಲ್ಲಿ ನಾನು ಬರೆಯಬಾರದ ಕೆಲವು ಮಾತು ಬರೆದಿದ್ದೇನೆ' ಎಂದು ನೀವೇ ಮೊದಲು ಹೇಳಿ, ಓದಲು ಕೊಡಿ. ಆಕೆ ಸಿಟ್ಟಾಗಬಹುದು, ನಿಮ್ಮ ಬಳಿ ಬರುವುದನ್ನೇ ಬಿಡಬಹುದು. ಕೋರ್ಟಿನಲ್ಲಿ ಎದುರು ವಕೀಲರ ಬಾಯಿಂದ ಮೊದಲ ಸಲ ಕೇಳುವುದಕ್ಕಿಂತ ಇದು ಆಕೆಗೆ ಎಷ್ಟೋ ಮೇಲು. ಫೋನ್ ಮಾಡಿದಾಗ ಮಾತ್ರ 'ಅಪಾಯಿಂಟ್‌ಮೆಂಟ್ ಬದಲಾಗಿದೆ' ಎಂದಷ್ಟೇ ಹೇಳಿ. ಆ ಹೊತ್ತಿನಲ್ಲಿ ಫೋನ್ ಯಾರ ಕೈಯಲ್ಲಿರುತ್ತದೋ ಗೊತ್ತಿಲ್ಲ.